ಸ್ಥಿರ ವಿಳಾಸವಿಲ್ಲದ ಮಕ್ಕಳಿಗೆ ಅರಿವಿನ ದಾರಿ: ಅಮೆರಿಕದ ಪೋಷಕತ್ವ ವ್ಯವಸ್ಥೆಯಲ್ಲಿ ಆರೋಗ್ಯಶಿಕ್ಷಣದ ಚರಿತ್ರೆ

ಹೆತ್ತವರ ಮನೆಯಲ್ಲಿ ಸುರಕ್ಷಿತವಾಗಿ ಬೆಳೆಯಲಾಗದ ಮಗುವನ್ನು ನ್ಯಾಯಾಲಯದ ಅಥವಾ ಮಕ್ಕಳ ಕಲ್ಯಾಣ ಇಲಾಖೆಯ ಹೊಣೆಗಾರಿಕೆಯಲ್ಲಿ ಬೇರೊಂದು ಕುಟುಂಬದಲ್ಲಿಯೋ ಬಂಧುಗಳ ಬಳಿಯೋ ಚಿಕ್ಕ ವಸತಿಗೃಹದಲ್ಲಿಯೋ ತಾತ್ಕಾಲಿಕವಾಗಿ ಇರಿಸಿ, ಸಾಮಾನ್ಯವಾಗಿ ಸರಕಾರದ ನೆರವಿನಿಂದ ಬೆಳೆಸುವ ವ್ಯವಸ್ಥೆಗೆ ಪೋಷಕತ್ವ ಎಂದು ಹೆಸರು. ದತ್ತು ಪದ್ಧತಿಯಲ್ಲಿ ಮಗು ಹೊಸ ಮನೆಗೆ ಶಾಶ್ವತವಾಗಿ ಸೇರಿದರೆ, ಪೋಷಕತ್ವದಲ್ಲಿ ಅದು ಹೆತ್ತವರ ಬಳಿಗೆ ಮರಳಬಹುದು, ದತ್ತು ಹೋಗಬಹುದು, ಇಲ್ಲವೇ ಮನೆಯಿಂದ ಮನೆಗೆ ಬದಲಾಗುತ್ತಾ ಪ್ರಾಯಕ್ಕೆ ಬಂದು ವ್ಯವಸ್ಥೆಯಿಂದ ಹೊರಬೀಳಬಹುದು. ಭಾರತದ 2015ರ ಬಾಲನ್ಯಾಯ ಕಾಯ್ದೆಯಲ್ಲಿಯೂ ಇದಕ್ಕೆ ಸ್ಥಾನವಿದೆ. ಆದರೆ ಒಂದೂವರೆ ಶತಮಾನಕ್ಕೂ ಮೀರಿದ ಅವಧಿಯಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಬೆಳೆದು, ತನ್ನ ಗೆಲುವು ಸೋಲುಗಳೆರಡಕ್ಕೂ ವಿಪುಲ ದಾಖಲೆ ಉಳಿಸಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ.

ಬೆಳೆಯುವ ಮಗುವಿಗೆ ತನ್ನ ದೇಹ, ಗೆಳೆತನ, ಪ್ರೀತಿ, ಸಿಟ್ಟು, ಭಯ ಇವುಗಳ ಕುರಿತ ಅರಿವಿನ ಹೆಚ್ಚಿನ ಪಾಲು ಪಾಠವೆಂಬ ಹೆಸರಿಲ್ಲದೆಯೇ ಮನೆಯಲ್ಲಿ ದಕ್ಕುತ್ತದೆ. ಮೊದಲ ಮುಟ್ಟಿನ ದಿನ ಏನು ಮಾಡಬೇಕೆಂದು ತಾಯಿಯೋ ಅಕ್ಕನೋ ಹೇಳಿಕೊಡುತ್ತಾರೆ. ಗೆಳೆಯರ ಬಳಗದಲ್ಲಿ ಯಾರನ್ನು ನಂಬಬೇಕು, ಯಾರಿಂದ ದೂರವಿರಬೇಕು ಎಂಬುದು ಹಿರಿಯರ ಮಾತಿನಿಂದ, ಅದಕ್ಕಿಂತ ಹೆಚ್ಚಾಗಿ ಅವರ ನಡವಳಿಕೆಯಿಂದ ತಿಳಿಯುತ್ತದೆ. ಈ ಕಲಿಕೆಗೆ ಬೇಕಾದದ್ದು ವರ್ಷಾನುಗಟ್ಟಲೆ ಜೊತೆಗಿರುವ ಒಬ್ಬ ಹಿರಿಯ ಜೀವ. ಪೋಷಕತ್ವದ ಮಗುವಿಗೆ ಮೊದಲು ತಪ್ಪಿಹೋಗುವುದೂ ಅದೇ. ಆ ಮಗುವಿನ ಊಟ, ವಸತಿ, ಶಾಲೆಗಳ ಹೊಣೆಯನ್ನು ರಾಜ್ಯ ಬಹಳ ಹಿಂದೆಯೇ ಹೊತ್ತಿತು. ದೇಹ ಮತ್ತು ಸಂಬಂಧಗಳ ಕುರಿತ ಮಾತನ್ನು ಯಾರು ಆಡಬೇಕೆಂದು ನಿರ್ಧರಿಸಲು ಮಾತ್ರ ಅದಕ್ಕೆ ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು. ಅಂಚೆಯ ಕೈಪಿಡಿಯಿಂದ ಮೊಬೈಲ್ ಫೋನಿನ ಕಿರುಸಂದೇಶದವರೆಗಿನ ಈ ದಾರಿಯಲ್ಲಿ ಒಂದು ಸೂತ್ರ ಸ್ಪಷ್ಟವಾಗಿ ಕಾಣುತ್ತದೆ: ಸಾರ್ವಜನಿಕ ಆರೋಗ್ಯಶಿಕ್ಷಣ ಯಾವಾಗಲೂ ಒಂದು ಮನೆಯ ವಿಳಾಸವನ್ನೋ ಒಂದು ಶಾಲೆಯ ಹಾಜರಿ ಪುಸ್ತಕವನ್ನೋ ನೆಚ್ಚಿಕೊಂಡಿತ್ತು, ಮತ್ತು ಈ ಮಕ್ಕಳಿಗೆ ಇವೆರಡೂ ಸ್ಥಿರವಾಗಿರಲಿಲ್ಲ.

ರೈಲು ಹತ್ತಿದ ಮಕ್ಕಳು

ಚಾರ್ಲ್ಸ್ ಲೋರಿಂಗ್ ಬ್ರೇಸ್ ಎಂಬ ಧರ್ಮೋಪದೇಶಕ 1853ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಚಿಲ್ಡ್ರನ್ಸ್ ಏಯ್ಡ್ ಸೊಸೈಟಿಯನ್ನು ಸ್ಥಾಪಿಸಿದಾಗ ನಗರದ ಬೀದಿಗಳಲ್ಲಿ ವಲಸಿಗರ ಮತ್ತು ಬಡವರ ಸಾವಿರಾರು ಮಕ್ಕಳು ದಿಕ್ಕಿಲ್ಲದೆ ಅಲೆಯುತ್ತಿದ್ದರು. ಅವರನ್ನು ದೊಡ್ಡ ಅನಾಥಾಲಯಗಳಲ್ಲಿ ಕೂಡಿಹಾಕುವುದಕ್ಕಿಂತ ಪಶ್ಚಿಮದ ರೈತ ಕುಟುಂಬಗಳಿಗೆ ಕಳಿಸುವುದು ಮೇಲೆಂದು ನಂಬಿದ್ದ ಬ್ರೇಸ್, 1854ರಲ್ಲಿ ಮೊದಲ ತಂಡವನ್ನು ಮಿಷಿಗನ್ ರಾಜ್ಯದ ಡೊವಾಜಿಯಾಕ್ ಎಂಬ ಊರಿಗೆ ಕಳಿಸಿದನು. ಮುಂದೆ ಅನಾಥರ ರೈಲುಗಳು ಎಂದು ಹೆಸರಾದ ಈ ಏರ್ಪಾಡು 1929ರವರೆಗೂ ನಡೆದು, ಸುಮಾರು 2 ಲಕ್ಷ ಮಕ್ಕಳನ್ನು ದೇಶದ ಒಳನಾಡಿಗೆ ಸಾಗಿಸಿತೆಂಬುದು ಇತಿಹಾಸಕಾರರ ಅಂದಾಜು. ಅವರಲ್ಲಿ ಎಲ್ಲರೂ ಅನಾಥರಾಗಿರಲಿಲ್ಲ. ಹೆತ್ತವರು ಬದುಕಿದ್ದೂ ಬಡತನದಿಂದ ಸಾಕಲಾಗದೆ ಬಿಟ್ಟುಕೊಟ್ಟ ಮಕ್ಕಳು ಬಹಳ ಮಂದಿ ಇದ್ದರು. ಊರಿನ ಸಭಾಂಗಣದಲ್ಲೋ ಚರ್ಚಿನಲ್ಲೋ ಮಕ್ಕಳನ್ನು ಸಾಲಾಗಿ ನಿಲ್ಲಿಸಲಾಗುತ್ತಿತ್ತು, ಒಪ್ಪಿದ ಕುಟುಂಬ ತನಗೆ ಬೇಕಾದ ಮಗುವನ್ನು ಕರೆದೊಯ್ಯುತ್ತಿತ್ತು. ಹಲವು ಮಕ್ಕಳಿಗೆ ನಿಜವಾದ ಮನೆ ಸಿಕ್ಕಿತು. ಹಲವರು ಹೊಲದ ಆಳುಗಳಾಗಿ ದುಡಿದರು.

ಈ ಮಕ್ಕಳಿಗೆ ಪ್ರಾಯಕ್ಕೆ ಬರುವ ಕಾಲದಲ್ಲಿ ತಿಳಿವಳಿಕೆ ಕೊಡುವುದು ಯಾವ ಸಂಸ್ಥೆಯ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ. ಆ ಕಾಲದ ಕಾನೂನು ಅಂತಹ ತಿಳಿವಳಿಕೆಯನ್ನೇ ಅಪರಾಧವಾಗಿಸಿತ್ತು. 1873ರಲ್ಲಿ ಅಮೆರಿಕದ ಸಂಸತ್ತು ಅಂಗೀಕರಿಸಿದ ಕಾಮ್‌ಸ್ಟಾಕ್ ಕಾಯ್ದೆಯು ಅಶ್ಲೀಲವೆಂದು ಪರಿಗಣಿಸಿದ ಬರಹಗಳ ಜೊತೆಗೆ ಗರ್ಭನಿರೋಧದ ಮಾಹಿತಿಯನ್ನೂ ಅಂಚೆಯಲ್ಲಿ ಕಳಿಸುವುದನ್ನು ನಿಷೇಧಿಸಿತು. ಗರ್ಭನಿರೋಧದ ಕುರಿತ ಪದಗಳನ್ನು ಆ ಕಾಯ್ದೆಯಿಂದ ಸಂಸತ್ತು ತೆಗೆದದ್ದು 1971ರಲ್ಲಿ. ದೂರದಲ್ಲಿರುವವರಿಗೆ ಅರಿವು ತಲುಪಿಸಬಲ್ಲ ಆ ಕಾಲದ ಮುಖ್ಯ ಸಾಧನವಾಗಿದ್ದ ಅಂಚೆ ಈ ವಿಷಯಕ್ಕೆ ಸುಮಾರು ಒಂದು ಶತಮಾನ ಕಾಲ ಕಾನೂನಿನ ಭಯದ ನೆರಳಿನಲ್ಲಿತ್ತು ಎಂಬುದನ್ನು, ಮುಂದೆ ಸರಕಾರವೇ ಅದೇ ಅಂಚೆಯನ್ನು ಬಳಸಿದ ರೀತಿಯನ್ನು ನೋಡುವಾಗ ನೆನಪಿಡಬೇಕಾಗುತ್ತದೆ.

1874ರಲ್ಲಿ ನ್ಯೂಯಾರ್ಕಿನಲ್ಲಿ ಬೆಳಕಿಗೆ ಬಂದ ಮೇರಿ ಎಲೆನ್ ವಿಲ್ಸನ್ ಎಂಬ ಬಾಲಕಿಯ ಪ್ರಕರಣ ಇಡೀ ದೇಶದ ಕಣ್ಣು ತೆರೆಸಿತು. ನಗರದ ಧರ್ಮಾರ್ಥ ಇಲಾಖೆಯೇ ಒಂದು ಮನೆಗೆ ಒಪ್ಪಿಸಿದ್ದ ಆ ಮಗು ಅಲ್ಲಿ ವರ್ಷಗಟ್ಟಲೆ ಹೊಡೆತ ತಿಂದಿತ್ತು. ಅಷ್ಟು ವರ್ಷ ಅದರ ಸ್ಥಿತಿಯನ್ನು ವಿಚಾರಿಸುವ ಹೊಣೆ ಯಾರ ಮೇಲೂ ಗಟ್ಟಿಯಾಗಿ ಬಿದ್ದಿರಲಿಲ್ಲ. ಆ ಪ್ರಕರಣದ ಬೆನ್ನಿಗೇ ಮಕ್ಕಳ ಮೇಲಿನ ಕ್ರೌರ್ಯವನ್ನು ತಡೆಯುವ ಸಂಘ ನ್ಯೂಯಾರ್ಕಿನಲ್ಲಿ ಹುಟ್ಟಿತು. 1899ರಲ್ಲಿ ಇಲಿನಾಯ್ ರಾಜ್ಯದ ಷಿಕಾಗೊದಲ್ಲಿ ದೇಶದ ಮೊದಲ ಬಾಲನ್ಯಾಯಾಲಯ ತೆರೆಯಿತು. ಹೆತ್ತವರು ಕೈಬಿಟ್ಟ ಮಗುವಿಗೆ ರಾಜ್ಯವೇ ತಂದೆತಾಯಿ ಎಂಬ ಹಳೆಯ ಕಾನೂನು ತತ್ತ್ವಕ್ಕೆ ಆಗ ಒಂದು ಸಾಂಸ್ಥಿಕ ರೂಪ ಬಂದಿತಾದರೂ, ಆ ತಂದೆತಾಯಿಯ ಕರ್ತವ್ಯಗಳನ್ನು ಪಟ್ಟಿ ಮಾಡಿದವರು ರಕ್ಷಣೆ ಮತ್ತು ಶಿಸ್ತು ಎಂಬ ಎರಡು ಮಾತುಗಳಾಚೆಗೆ ಹೆಚ್ಚು ಹೋಗಲಿಲ್ಲ.

ತಾಯಿಯ ಕೈಗೆ ಬಂದ ಕೈಪಿಡಿ

1909ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್ವೆಲ್ಟ್ ಶ್ವೇತಭವನದಲ್ಲಿ ಕರೆದ ಸಮ್ಮೇಳನವು, ಬಡತನವೊಂದನ್ನೇ ಕಾರಣವಾಗಿಟ್ಟುಕೊಂಡು ಮಗುವನ್ನು ಮನೆಯಿಂದ ಬೇರ್ಪಡಿಸಬಾರದು ಎಂದೂ, ಬೇರ್ಪಡಿಸಲೇಬೇಕಾದಾಗ ಅನಾಥಾಲಯಕ್ಕಿಂತ ಕುಟುಂಬದ ಆಸರೆಯೇ ಮೇಲೆಂದೂ ಘೋಷಿಸಿತು. ಅದರ ಫಲವಾಗಿ 1912ರಲ್ಲಿ ಕೇಂದ್ರ ಸರಕಾರದ ಮಕ್ಕಳ ಬ್ಯೂರೋ ಸ್ಥಾಪನೆಯಾಗಿ, ಜೂಲಿಯಾ ಲಾತ್ರೋಪ್ ಅದರ ಮೊದಲ ಮುಖ್ಯಸ್ಥೆಯಾದಳು. ಈ ಬ್ಯೂರೋ 1913ರಲ್ಲಿ ಗರ್ಭಿಣಿಯರ ಆರೈಕೆಯ ಕುರಿತು, 1914ರಲ್ಲಿ ಶಿಶುಪಾಲನೆಯ ಕುರಿತು ಹೊರತಂದ ಕಿರುಹೊತ್ತಗೆಗಳು ಅಮೆರಿಕದ ಆರೋಗ್ಯಶಿಕ್ಷಣದ ಚರಿತ್ರೆಯಲ್ಲಿ ಹೆಗ್ಗುರುತುಗಳಾಗಿ ಉಳಿದಿವೆ. ಮುಂದಿನ ದಶಕಗಳಲ್ಲಿ ಶಿಶುಪಾಲನೆಯ ಹೊತ್ತಗೆ ಲಕ್ಷಾಂತರ ಪ್ರತಿಗಳಲ್ಲಿ ಹಂಚಿಕೆಯಾಯಿತು. ಅದನ್ನು ಓದಿದ ತಾಯಂದಿರು ತಮ್ಮ ಅನುಮಾನಗಳನ್ನು ಬರೆದು ಬ್ಯೂರೋಗೆ ಪತ್ರ ಹಾಕಿದರು, ಬ್ಯೂರೋ ಉತ್ತರ ಬರೆಯಿತು. ಹೀಗೆ ಪ್ರಶ್ನೆ ಮತ್ತು ಉತ್ತರದ ನಡುವೆ ಒಬ್ಬ ಮನುಷ್ಯನಿದ್ದುದರಿಂದಲೇ ಆ ಹೊತ್ತಗೆಗಳಿಗೆ ಅಷ್ಟು ಬೆಲೆ ಬಂದಿತೆಂದು ಹೇಳಬಹುದು. ಆದರೆ ಈ ಏರ್ಪಾಡಿನ ಬುನಾದಿಯಲ್ಲೇ ಒಂದು ಊಹೆ ಅಡಗಿತ್ತು: ಮನೆಯಲ್ಲಿ ಒಬ್ಬ ತಾಯಿ ಇದ್ದಾಳೆ, ಅವಳಿಗೆ ತಿಳಿಸಿದರೆ ಮಗುವಿಗೆ ತಲುಪುತ್ತದೆ.

ಹದಿಹರೆಯದವರಿಗೇ ನೇರವಾಗಿ ತಿಳಿಸುವ ಪ್ರಯತ್ನಗಳು ಅದೇ ಕಾಲದಲ್ಲಿ ಶುರುವಾದವು. 1913ರಲ್ಲಿ ಷಿಕಾಗೊ ನಗರದ ಶಾಲೆಗಳ ಮುಖ್ಯಸ್ಥೆ ಎಲ್ಲಾ ಫ್ಲ್ಯಾಗ್ ಯಂಗ್ ಪ್ರೌಢಶಾಲೆಗಳಲ್ಲಿ ವೈದ್ಯರಿಂದ ಲೈಂಗಿಕ ಆರೋಗ್ಯದ ಉಪನ್ಯಾಸಗಳನ್ನು ಏರ್ಪಡಿಸಿದಳು. ಧಾರ್ಮಿಕ ವಲಯಗಳ ತೀವ್ರ ವಿರೋಧದಿಂದ ಆ ಪ್ರಯೋಗ ಬೇಗನೆ ನಿಂತುಹೋಯಿತು. ಮೊದಲ ಮಹಾಯುದ್ಧದಲ್ಲಿ ಸೈನಿಕರ ನಡುವೆ ಲೈಂಗಿಕ ರೋಗಗಳ ಹಾವಳಿ ಕಂಡ ಸರಕಾರ 1918ರಲ್ಲಿ ಚೇಂಬರ್ಲೇನ್-ಕಾನ್ ಕಾಯ್ದೆಯ ಮೂಲಕ ಅವುಗಳ ತಡೆಗೆ ಹಣ ಒದಗಿಸಿತು. ಅದರ ಬೆನ್ನಿಗೆ ಸಾರ್ವಜನಿಕ ಆರೋಗ್ಯ ಸೇವೆಯು ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಭಿತ್ತಿಚಿತ್ರ ಸರಣಿಗಳನ್ನು ಸಿದ್ಧಪಡಿಸಿ ಶಾಲೆ, ಯುವಕ ಸಂಘಗಳಲ್ಲಿ ಪ್ರದರ್ಶಿಸಿತು. ಆ ಚಿತ್ರಗಳ ನೀತಿಬೋಧೆಯಲ್ಲಿ ಭಯ ಮತ್ತು ವ್ಯಾಯಾಮದ ಪಾಲು ಹೆಚ್ಚು, ಸಂಬಂಧಗಳ ವಿವೇಕದ ಪಾಲು ಕಡಿಮೆ. ಅಷ್ಟಾದರೂ ಸಿಕ್ಕಿದ್ದು ಶಾಲೆಯಲ್ಲಿ ನೆಲೆ ನಿಂತವರಿಗೆ. ವರ್ಷದ ನಡುವೆ ಮನೆ ಬದಲಾಗಿ ಶಾಲೆಯೂ ಬದಲಾಗುವ ಮಗುವಿಗೆ, ಹಳೆಯ ಶಾಲೆಯಲ್ಲಿ ಇನ್ನೂ ಬಾರದ ಪಾಠ ಹೊಸ ಶಾಲೆಯಲ್ಲಿ ಆಗಲೇ ಮುಗಿದಿರುತ್ತಿತ್ತು. ಇಂದಿಗೂ ಪೋಷಕತ್ವದ ಮಕ್ಕಳು ಶಾಲೆಯ ಆರೋಗ್ಯಪಾಠಗಳನ್ನು ಕಳೆದುಕೊಳ್ಳುವುದಕ್ಕೆ ಇದು ಒಂದು ಮುಖ್ಯ ಕಾರಣ.

ಪೋಷಕ ಕುಟುಂಬಗಳಿಗೆ ತಿಂಗಳ ಭತ್ಯೆ ಕೊಟ್ಟು ಮಕ್ಕಳನ್ನು ಇರಿಸುವ ಪದ್ಧತಿ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬೇರೂರಿತು. ಅಲ್ಲಿಂದ ಮಗುವಿನ ಬದುಕಿನಲ್ಲಿ ಹಿರಿಯರ ಸಂಖ್ಯೆ ಹೆಚ್ಚಿತು, ಹೊಣೆ ಹಂಚಿಹೋಯಿತು. ಹೆತ್ತವರ ಹಕ್ಕು ಪೂರ್ತಿ ಅಳಿದಿರುವುದಿಲ್ಲ. ಪೋಷಕ ತಾಯಿ ದಿನನಿತ್ಯದ ಆರೈಕೆ ಮಾಡುತ್ತಾಳೆ. ಸಮಾಜ ಕಾರ್ಯಕರ್ತರು, ಅಂದರೆ ಇಲಾಖೆಯ ಪರವಾಗಿ ಮಗುವಿನ ಕಡತವನ್ನು ನಿರ್ವಹಿಸಿ ಆಗಾಗ ಭೇಟಿ ಕೊಡುವವರು, ತೀರ್ಮಾನಗಳನ್ನು ಸೂಚಿಸುತ್ತಾರೆ. ನ್ಯಾಯಾಧೀಶರು ಅವನ್ನು ಮಂಜೂರು ಮಾಡುತ್ತಾರೆ. ಗರ್ಭನಿರೋಧಕದಂತಹ ಸೂಕ್ಷ್ಮ ವಿಷಯದಲ್ಲಿ ಬಾಯಿಬಿಟ್ಟರೆ ಹೆತ್ತವರ ನಂಬಿಕೆಗೆ ಧಕ್ಕೆಯಾದೀತೆಂದು ಪೋಷಕ ತಾಯಿ ಹಿಂಜರಿಯಬಹುದು; ಅದು ಮನೆಯವರ ಕೆಲಸವೆಂದು ಸಮಾಜ ಕಾರ್ಯಕರ್ತರು ಭಾವಿಸಬಹುದು; ಶಾಲೆ ಹೇಳಿಕೊಟ್ಟಿರುತ್ತದೆಂದು ಇಬ್ಬರೂ ನಂಬಬಹುದು. ನಾಲ್ಕು ಜನ ಹಿರಿಯರ ನಡುವೆ ಬೆಳೆದ ಮಗು ಒಬ್ಬರ ಬಾಯಿಂದಲೂ ಆ ಮಾತನ್ನು ಕೇಳದೆ ಉಳಿಯುವುದು ಈ ಏರ್ಪಾಡಿನ ರಚನೆಯಲ್ಲಿಯೇ ಇದ್ದ ದೋಷ, ಯಾವುದೇ ಒಬ್ಬರ ಕೆಟ್ಟ ಮನಸ್ಸಿನ ಫಲವಲ್ಲ.

ಹದಿನೆಂಟರ ಹೊಸ್ತಿಲು

1962ರಲ್ಲಿ ಡೆನ್ವರ್‌ನ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಹೋದ್ಯೋಗಿಗಳು, ಹಿರಿಯರ ಹೊಡೆತದಿಂದ ಮಕ್ಕಳ ಮೈಮೇಲೆ ಉಳಿಯುವ ಗಾಯಗಳನ್ನು ವೈದ್ಯರು ಗುರುತಿಸಬೇಕಾದ ಒಂದು ಸ್ಥಿತಿಯಾಗಿ ವಿವರಿಸಿ ಪ್ರಕಟಿಸಿದ ಲೇಖನ ರಾಷ್ಟ್ರವ್ಯಾಪಿ ಚರ್ಚೆಗೆ ಕಾರಣವಾಯಿತು. 1974ರ ಮಕ್ಕಳ ದೌರ್ಜನ್ಯ ತಡೆ ಕಾಯ್ದೆಯವರೆಗೆ ಹಲವು ಶಾಸನಗಳು ಅದರ ಹಿಂದೆ ಬಂದವು. ದೂರುಗಳು ಹೆಚ್ಚಿದಂತೆ ಮನೆಯಿಂದ ಬೇರ್ಪಟ್ಟ ಮಕ್ಕಳ ಸಂಖ್ಯೆಯೂ ಏರಿತು. 1990ರ ದಶಕದ ಕೊನೆಗೆ ಐದು ಲಕ್ಷಕ್ಕೂ ಹೆಚ್ಚು ಮಕ್ಕಳು ಪೋಷಕತ್ವದಲ್ಲಿದ್ದರು. ಪೋಷಕತ್ವದ ಮಕ್ಕಳಲ್ಲಿ ಮನೆಗೂ ಮರಳದೆ ದತ್ತೂ ಹೋಗದೆ ಉಳಿದವರು ಹದಿನೆಂಟು ತುಂಬಿದ ದಿನ ಸಾಮಾನ್ಯವಾಗಿ ವ್ಯವಸ್ಥೆಯಿಂದ ಹೊರಬೀಳುತ್ತಿದ್ದರು. ಹೀಗೆ ವಯಸ್ಸು ಮೀರಿ ಹೊರಬಿದ್ದವರಲ್ಲಿ ಬಹಳಷ್ಟು ಮಂದಿ ಬೀದಿಗೆ ಬಂದುದನ್ನು ಕಂಡ ಸಂಸತ್ತು, ಹದಿನಾರು ದಾಟಿದವರನ್ನು ಸ್ವತಂತ್ರ ಬದುಕಿಗೆ ಅಣಿಗೊಳಿಸಲು 1986ರಲ್ಲಿ ಮೊದಲ ಬಾರಿಗೆ ಪ್ರತ್ಯೇಕ ಹಣ ನೀಡಿತು. ಅಡುಗೆ, ಬ್ಯಾಂಕ್ ಖಾತೆ, ಬಾಡಿಗೆ ಮನೆ, ಉದ್ಯೋಗದ ಅರ್ಜಿ ಇವು ಆ ತರಬೇತಿಯ ಮುಖ್ಯ ಪಾಠಗಳು. ಬದುಕು ನಡೆಸುವ ಕೌಶಲಗಳು ಪಟ್ಟಿಯಾದವು, ಬದುಕನ್ನು ಹಂಚಿಕೊಳ್ಳುವ ಕೌಶಲಗಳು ಬಹುಮಟ್ಟಿಗೆ ಪಟ್ಟಿಯ ಹೊರಗೇ ಉಳಿದವು.

ಅದೇ ದಶಕದಲ್ಲಿ ಏಡ್ಸ್ ರೋಗ ಹಬ್ಬಿದಾಗ, ಹಿಂದೆ ಅಂಚೆಯನ್ನು ನಿರ್ಬಂಧಿಸಿದ್ದ ಸರಕಾರವೇ ಅಂಚೆಯ ಮೊರೆ ಹೋಯಿತು. ದೇಶದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಅತ್ಯುನ್ನತ ವಕ್ತಾರ, ಆಗಿದ್ದ ಸಿ. ಎವರೆಟ್ ಕೂಪ್ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಕೇ ಬೇಕೆಂದು 1986ರ ವರದಿಯಲ್ಲಿ ಒತ್ತಿ ಹೇಳಿದನು. 1988ರಲ್ಲಿ ಏಡ್ಸ್ ಕುರಿತ ಎಂಟು ಪುಟಗಳ ಕಿರುಹೊತ್ತಗೆಯ 10 ಕೋಟಿ 70 ಲಕ್ಷ ಪ್ರತಿಗಳು ದೇಶದ ಮನೆಮನೆಗೆ ಅಂಚೆಯಲ್ಲಿ ಹೋದವು. ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ಇದು ದೊಡ್ಡ ಸಾಹಸ. ಆದರೂ ಅದು ಮನೆಯ ಯಜಮಾನನ ಹೆಸರಿನ ಅಂಚೆಪೆಟ್ಟಿಗೆಗೆ ಬಂದ ಹೊತ್ತಗೆ; ಪೋಷಕ ಮನೆಯಲ್ಲಿ ಕೆಲವೇ ತಿಂಗಳು ಇರಲಿರುವ ಹುಡುಗಿಯ ಕೈಗೆ ಅದು ಸೇರುವುದೋ ಬಿಡುವುದೋ ಆ ಮನೆಯ ಹಿರಿಯರ ಇಚ್ಛೆಗೆ ಬಿಟ್ಟದ್ದಾಗಿತ್ತು.

ಮಗುವಿನ ಜೊತೆಗೇ ಮಾಹಿತಿ ಸಾಗಬೇಕೆಂಬ ವಿಚಾರ ಕಾನೂನಿನಲ್ಲಿ ಮೊದಲು ಮೂಡಿದ್ದು ಬೇರೊಂದು ಬಾಗಿಲಿನಿಂದ. ಮಗುವಿನ ಆರೋಗ್ಯ ಮತ್ತು ಶಿಕ್ಷಣದ ದಾಖಲೆಗಳು ಅದರ ಯೋಜನಾ ಕಡತದಲ್ಲಿ ಇರಬೇಕೆಂದು 1989ರ ಕೇಂದ್ರ ಕಾಯ್ದೆ ವಿಧಿಸಿತು. ಚುಚ್ಚುಮದ್ದುಗಳು, ಔಷಧಗಳು, ಹಿಂದಿನ ರೋಗಗಳು, ವೈದ್ಯರ ಹೆಸರುಗಳು ಇರುವ ಈ ದಾಖಲೆಯನ್ನು ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಆರೋಗ್ಯ ಮತ್ತು ಶಿಕ್ಷಣದ ಪಾಸ್‌ಪೋರ್ಟ್ ಎಂದು ಕರೆದರು. 2008ರಲ್ಲಿ ಟೆಕ್ಸಸ್ ರಾಜ್ಯ ಇಂತಹುದೇ ದಾಖಲೆಯನ್ನು ಗಣಕೀಕರಿಸಿತು. ಮನೆ ಬದಲಾದಾಗ ಚುಚ್ಚುಮದ್ದನ್ನು ಎರಡೆರಡು ಬಾರಿ ಹಾಕುವುದು, ನಡೆಯುತ್ತಿದ್ದ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಇಂತಹ ತಪ್ಪುಗಳನ್ನು ತಡೆಯಲು ಇವು ಉಪಯುಕ್ತವಾದರೂ, ಅವುಗಳ ಓದುಗರು ಹಿರಿಯರಾಗಿದ್ದರು. ಮಗುವಿನ ಕುರಿತ ತಿಳಿವಳಿಕೆ ಮಗುವಿನ ಹಿಂದೆಯೇ ಸಾಗಿತು. ಮಗುವಿಗೆ ಬೇಕಾದ ತಿಳಿವಳಿಕೆ ಇನ್ನೂ ಸಾಗಬೇಕಿತ್ತು.

ಅಂಕಿಗಳು ಹೇಳಿದ ಸತ್ಯ

1999ರ ಚೇಫಿ ಕಾಯ್ದೆ, ಅದನ್ನು ಬೆಂಬಲಿಸಿ ದುಡಿದ ಸೆನೆಟರ್ ಜಾನ್ ಚೇಫಿಯ ಹೆಸರನ್ನು ಹೊತ್ತು, ಸ್ವತಂತ್ರ ಬದುಕಿನ ಕಾರ್ಯಕ್ರಮದ ವಾರ್ಷಿಕ ಹಣವನ್ನು 7 ಕೋಟಿ ಡಾಲರಿನಿಂದ 14 ಕೋಟಿ ಡಾಲರಿಗೆ ಏರಿಸಿ, ನೆರವನ್ನು 21ನೆಯ ವಯಸ್ಸಿನವರೆಗೆ ವಿಸ್ತರಿಸಿತು. ಅದರ ಉದ್ದೇಶಗಳ ಪಟ್ಟಿಯಲ್ಲಿ ಧೂಮಪಾನದಿಂದ ದೂರವಿರುವುದು, ಪೌಷ್ಟಿಕ ಆಹಾರದ ಶಿಕ್ಷಣ, ಹದಿಹರೆಯದ ಗರ್ಭಧಾರಣೆಯ ತಡೆ ಇವು ಸೇರಿದ್ದು ಒಂದು ತಿರುವು. ದೇಹದ ಕುರಿತ ಅರಿವು ಪೋಷಕತ್ವದ ಹೊಣೆಗಳಲ್ಲೊಂದೆಂದು ಕೇಂದ್ರ ಕಾನೂನು ಇಲ್ಲಿ ಹೆಸರಿಟ್ಟು ಒಪ್ಪಿಕೊಂಡಿತು.

ಆ ಹೊಣೆ ಎಷ್ಟು ದೊಡ್ಡದೆಂಬುದನ್ನು ಮುಂದಿನ ಕೆಲವೇ ವರ್ಷಗಳಲ್ಲಿ ಎರಡು ಅಧ್ಯಯನಗಳು ತೋರಿಸಿದವು. ಷಿಕಾಗೊ ವಿಶ್ವವಿದ್ಯಾಲಯದ ಚೇಪಿನ್ ಹಾಲ್ ಸಂಶೋಧನಾ ಕೇಂದ್ರದಿಂದ ಮಾರ್ಕ್ ಕೋರ್ಟ್ನಿ, ಏಮಿ ಡ್ವೋರ್ಸ್ಕಿ ಮೊದಲಾದವರು ಇಲಿನಾಯ್, ವಿಸ್ಕಾನ್ಸಿನ್, ಅಯೊವಾ ರಾಜ್ಯಗಳ 732 ಯುವಜನರನ್ನು 2002ರಿಂದ ಹಲವು ವರ್ಷ ಬೆನ್ನುಹತ್ತಿ ಸಂದರ್ಶಿಸಿದರು. ಅವರಲ್ಲಿ ಸುಮಾರು ಅರ್ಧದಷ್ಟು ಹೆಣ್ಣುಮಕ್ಕಳು ಹತ್ತೊಂಬತ್ತರ ವೇಳೆಗೆ ಒಮ್ಮೆಯಾದರೂ ಗರ್ಭ ಧರಿಸಿದ್ದರು, ದೇಶದ ಅದೇ ವಯಸ್ಸಿನ ಇತರ ಹೆಣ್ಣುಮಕ್ಕಳಲ್ಲಿ ಆ ಪ್ರಮಾಣ ಐವರಲ್ಲಿ ಒಬ್ಬಳಷ್ಟೇ ಇತ್ತು. ಕೇಸಿ ಫ್ಯಾಮಿಲಿ ಪ್ರೋಗ್ರಾಮ್ಸ್ ಎಂಬ ಸಂಸ್ಥೆ 2005ರಲ್ಲಿ ಪ್ರಕಟಿಸಿದ ವಾಯವ್ಯ ರಾಜ್ಯಗಳ ಅಧ್ಯಯನದಲ್ಲಿ, ಪೋಷಕತ್ವದಲ್ಲಿ ಬೆಳೆದ ನಾಲ್ವರಲ್ಲಿ ಒಬ್ಬರಿಗೆ ಆಘಾತೋತ್ತರ ಒತ್ತಡದ ರೋಗ ಕಂಡುಬಂದಿತು. ಭೀಕರ ಅನುಭವವೊಂದು ಮುಗಿದ ಮೇಲೂ ಅದು ಕನಸಾಗಿ, ಬೆಚ್ಚಿಬೀಳುವಿಕೆಯಾಗಿ, ನಿದ್ದೆಗೇಡಾಗಿ ಮರುಕಳಿಸುವ ಈ ರೋಗ ಯುದ್ಧದಿಂದ ಮರಳಿದ ಸೈನಿಕರಲ್ಲಿ ಕಂಡದ್ದಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಇವರಲ್ಲಿತ್ತು. ಬಾಲ್ಯದ ಕಹಿ ಅನುಭವಗಳು ನಡುವಯಸ್ಸಿನ ದೈಹಿಕ ರೋಗಗಳವರೆಗೆ ಪರಿಣಾಮ ಚಾಚುತ್ತವೆಂದು ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ 1998ರಲ್ಲೇ ತೋರಿಸಿಕೊಟ್ಟಿದ್ದರು. ಆದ್ದರಿಂದ ಸಂಬಂಧಗಳ ಪಾಠ, ಮನಸ್ಸಿನ ಸ್ವಾಸ್ಥ್ಯದ ಪಾಠ, ದೇಹದ ಆರೋಗ್ಯದ ಪಾಠ ಮೂರನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕಲಿಸಲಾಗದು ಎಂಬುದು ಈ ಕ್ಷೇತ್ರದಲ್ಲಿ ದುಡಿಯುವವರಿಗೆ ಮನವರಿಕೆಯಾಗತೊಡಗಿತು.

ಪಾಠಕ್ರಮಗಳ ರಚನೆಯಲ್ಲಿ ಈ ತಿಳಿವು ಇಳಿದ ಬಗೆಯನ್ನು ಪವರ್ ಥ್ರೂ ಚಾಯ್ಸಸ್ ಎಂಬ ಕಾರ್ಯಕ್ರಮದಲ್ಲಿ ಕಾಣಬಹುದು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಬಾರ್ತ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ಮನೆಯಿಂದ ದೂರವಿರುವ ಹದಿಹರೆಯದವರಿಗೆಂದೇ ಇದನ್ನು ರೂಪಿಸಿದರು. ಮುಂದೆ ಪರಿಷ್ಕರಿಸಿದ ರೂಪದಲ್ಲಿ ಒಕ್ಲಹೋಮ, ಮೇರಿಲ್ಯಾಂಡ್, ಕ್ಯಾಲಿಫೋರ್ನಿಯಾಗಳ ಸಮೂಹ ವಸತಿಗಳಲ್ಲಿ, ಅಂದರೆ ಸಂಬಳದ ಸಿಬ್ಬಂದಿ ನೋಡಿಕೊಳ್ಳುವ ಚಿಕ್ಕ ನಿಲಯಗಳಲ್ಲಿ, ಇದರ ಪರೀಕ್ಷೆ ನಡೆಯಿತು. ಸಾಮಾನ್ಯ ಶಾಲೆಯ ಪಾಠಕ್ಕೂ ಇಂತಹ ಪಾಠಕ್ಕೂ ಇರುವ ವ್ಯತ್ಯಾಸ ಸೂಕ್ಷ್ಮವಾದರೂ ದೊಡ್ಡದು. ಮನೆಗೆ ಹೋಗಿ ತಾಯಿಯನ್ನು ಕೇಳಿ ಬಾ ಎಂಬ ಮನೆಗೆಲಸ ಇಲ್ಲಿ ಮಗುವನ್ನು ನೋಯಿಸುತ್ತದೆ. ಒಪ್ಪಿಗೆಯಿಲ್ಲದ ಸ್ಪರ್ಶವನ್ನು ಆಗಲೇ ಅನುಭವಿಸಿರಬಹುದಾದ ಮಗುವಿನ ಮುಂದೆ ಒಪ್ಪಿಗೆಯ ವಿಷಯವನ್ನು ಎಚ್ಚರದಿಂದ ಎತ್ತಬೇಕಾಗುತ್ತದೆ. ಪ್ರೀತಿ ಸಿಕ್ಕೀತೆಂಬ, ತನ್ನದೇ ಆದ ಕುಟುಂಬವೊಂದು ಆದೀತೆಂಬ ಆಸೆಯಿಂದ ಬೇಗನೆ ತಾಯಿಯಾಗ ಬಯಸುವ ಹುಡುಗಿಗೆ ಅಪಾಯಗಳ ಪಟ್ಟಿಯೊಂದೇ ಸಾಕಾಗುವುದಿಲ್ಲ.

2010ರಲ್ಲಿ ಆರೋಗ್ಯ ಸುಧಾರಣಾ ಕಾಯ್ದೆಯ ಭಾಗವಾಗಿ ಆರಂಭವಾದ ವೈಯಕ್ತಿಕ ಜವಾಬ್ದಾರಿ ಶಿಕ್ಷಣ ಕಾರ್ಯಕ್ರಮವು ವರ್ಷಕ್ಕೆ 7.5 ಕೋಟಿ ಡಾಲರ್ ಮೀಸಲಿಟ್ಟು, ಪೋಷಕತ್ವದ ಯುವಜನರನ್ನು ಆದ್ಯತೆಯ ಗುಂಪುಗಳಲ್ಲಿ ಹೆಸರಿಸಿತು. ಗರ್ಭಧಾರಣೆ ಮತ್ತು ಲೈಂಗಿಕ ರೋಗಗಳ ತಡೆಯ ಜೊತೆಗೆ ಆರು ವಿಷಯಗಳಲ್ಲಿ ಕನಿಷ್ಠ ಮೂರನ್ನು ಕಲಿಸಬೇಕೆಂದು ಅದು ವಿಧಿಸಿತು: ಆರೋಗ್ಯಕರ ಸಂಬಂಧಗಳು, ಹದಿಹರೆಯದ ಬೆಳವಣಿಗೆ, ಹಣಕಾಸಿನ ತಿಳಿವಳಿಕೆ, ಹೆತ್ತವರು ಮತ್ತು ಮಕ್ಕಳ ನಡುವಿನ ಸಂವಾದ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಯಶಸ್ಸು, ಆರೋಗ್ಯಕರ ಜೀವನ ಕೌಶಲ. ಅದೇ ಕಾಯ್ದೆ ಪೋಷಕತ್ವದಿಂದ ಹೊರಬಂದವರಿಗೆ 26ನೆಯ ವಯಸ್ಸಿನವರೆಗೆ ಸರಕಾರಿ ಆರೋಗ್ಯ ವಿಮೆಯನ್ನು 2014ರಿಂದ ಒದಗಿಸಿತು. ಪಾಠವೂ ಚಿಕಿತ್ಸೆಯೂ ಕಾನೂನಿನಲ್ಲಿ ಸಿದ್ಧವಾದವು; ನೆಲೆ ನಿಲ್ಲದ ಹುಡುಗ ಹುಡುಗಿಯರಿಗೆ ಅವನ್ನು ತಲುಪಿಸುವ ದಾರಿಯ ಪ್ರಶ್ನೆ ಹಾಗೆಯೇ ಉಳಿಯಿತು.

ಕೈಯಲ್ಲಿನ ಫೋನು

ಆ ದಾರಿಯ ಮೊದಲ ಹೆಜ್ಜೆಗಳು ಪೋಷಕತ್ವದ ಹೊರಗೆ ಮೂಡಿದವು. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಆಫ್ರಿಕನ್ ಅಮೆರಿಕನ್ ಯುವಜನರ ನಡುವೆ ಗೊನೊರಿಯಾ ಎಂಬ ಲೈಂಗಿಕ ರೋಗ ಏರಿದ್ದನ್ನು ಕಂಡ ಸಾರ್ವಜನಿಕ ಆರೋಗ್ಯ ಇಲಾಖೆ, ಡೆಬ್ ಲೆವೀನ್ ನಡೆಸುತ್ತಿದ್ದ ಸ್ವಯಂಸೇವಾ ಸಂಸ್ಥೆಯೊಡನೆ ಸೇರಿ 2006ರಲ್ಲಿ ಸೆಕ್ಸ್‌ಇನ್ಫೊ ಎಂಬ ಕಿರುಸಂದೇಶ ಸೇವೆಯನ್ನು ಆರಂಭಿಸಿತು. ಯುವಕ ಅಥವಾ ಯುವತಿ ಒಂದು ಪದವನ್ನು ಕಳಿಸಿದರೆ ಪ್ರಶ್ನೆಗಳ ಪಟ್ಟಿ ಬರುತ್ತಿತ್ತು. ತನಗೆ ಬೇಕಾದ ಪ್ರಶ್ನೆಯ ಸಂಕೇತವನ್ನು ಮರಳಿ ಕಳಿಸಿದರೆ ಚುಟುಕಾದ ಉತ್ತರದ ಜೊತೆಗೆ ಹತ್ತಿರದ ಚಿಕಿತ್ಸಾಲಯದ ವಿವರ ಸಿಗುತ್ತಿತ್ತು. ಮೊದಲ 25 ವಾರಗಳಲ್ಲಿ 4,500ಕ್ಕೂ ಹೆಚ್ಚು ವಿಚಾರಣೆಗಳು ಬಂದವು. 2007ರಲ್ಲಿ ಹದಿಹರೆಯದ ಪ್ರೇಮಸಂಬಂಧಗಳಲ್ಲಿನ ಹಿಂಸೆಗೆ ರಾಷ್ಟ್ರೀಯ ಸಹಾಯವಾಣಿ ಆರಂಭವಾಯಿತು, 2011ರಲ್ಲಿ ಅದಕ್ಕೆ ಸಂದೇಶ ಸೌಲಭ್ಯ ಸೇರಿತು. 2010ರ ಟೆಕ್ಸ್ಟ್‌ಫೋರ್‌ಬೇಬಿ ಎಂಬ ಉಚಿತ ಸೇವೆ ಗರ್ಭಿಣಿಯರಿಗೆ ವಾರಕ್ಕೆ ಮೂರು ಸಂದೇಶಗಳನ್ನು ಗರ್ಭದ ತಿಂಗಳಿಗೆ ಹೊಂದಿಸಿ ಕಳಿಸಿತು. ನೂರು ವರ್ಷ ಹಿಂದಿನ ಬ್ಯೂರೋ ಕೈಪಿಡಿಯ ಕೆಲಸವನ್ನು ಅದು 160 ಅಕ್ಷರಗಳ ತುಣುಕುಗಳಲ್ಲಿ ಮುಂದುವರಿಸಿತೆನ್ನಬಹುದು. 2013ರಲ್ಲಿ ಆರಂಭವಾದ ಕ್ರೈಸಿಸ್ ಟೆಕ್ಸ್ಟ್ ಲೈನ್, ತರಬೇತಿ ಪಡೆದ ಸ್ವಯಂಸೇವಕರ ಮೂಲಕ ಮನಸ್ಸು ಕುಸಿದವರಿಗೆ ಸಂದೇಶದಲ್ಲೇ ಆಸರೆ ನೀಡತೊಡಗಿತು.

ಪೋಷಕತ್ವದ ಯುವಜನರಿಗೆ ಈ ಮಾಧ್ಯಮ ಒಗ್ಗುವುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಮನೆ, ಶಾಲೆ, ಸಮಾಜ ಕಾರ್ಯಕರ್ತರು ಎಲ್ಲವೂ ಬದಲಾದರೂ ಫೋನಿನ ಸಂಖ್ಯೆ ಬದಲಾಗದೆ ಉಳಿಯಬಹುದು. ನಾಚಿಕೆಯಿಂದ ಬಾಯಿ ಬಿಟ್ಟು ಕೇಳಲಾಗದ್ದನ್ನು ಬರೆದು ಕೇಳಬಹುದು. ತಪ್ಪಿಹೋದ ಪಾಠವನ್ನು ಮತ್ತೆ ತೆರೆಯಬಹುದು. ಸಿಟ್ಟು ನೆತ್ತಿಗೇರಿದಾಗ ಉಸಿರನ್ನು ಹದಕ್ಕೆ ತರುವ ಬಗೆ, ಗೆಳೆಯ ಸದಾ ಫೋನನ್ನು ತಪಾಸಣೆ ಮಾಡುವುದು ಪ್ರೀತಿಯ ಗುರುತೋ ಹಿಡಿತದ ಗುರುತೋ ಎಂಬ ವಿವೇಚನೆ, ಇವು ಬೇಕಾದ ಗಳಿಗೆಯಲ್ಲೇ ಕೈಗೆ ಸಿಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಅಪ್ರಾಪ್ತರು ಗರ್ಭನಿರೋಧಕ ಸೇವೆಗೆ ತಾವೇ ಒಪ್ಪಿಗೆ ನೀಡಬಹುದೆಂಬ, 12 ತುಂಬಿದವರು ಲೈಂಗಿಕ ರೋಗಗಳ ಚಿಕಿತ್ಸೆಗೆ ತಾವೇ ಒಪ್ಪಬಹುದೆಂಬ ಕಾನೂನುಗಳಿವೆ. ಇಂತಹ ಹಕ್ಕು ತನಗಿದೆಯೆಂಬುದೇ ತಿಳಿಯದ ಹುಡುಗಿಗೆ ಅದನ್ನು ತಿಳಿಸುವುದೂ ಆರೋಗ್ಯಶಿಕ್ಷಣವೇ.

ಅಡ್ಡಿಗಳೂ ಅಷ್ಟೇ ಗಟ್ಟಿಯಾಗಿದ್ದವು. ದುಡ್ಡು ಮುಗಿದೊಡನೆ ಕಡಿತವಾಗುವ ಮುಂಪಾವತಿ ಸಂಪರ್ಕದಲ್ಲಿ ಸಂಖ್ಯೆಯೂ ಆಗಾಗ ಬದಲಾಗುತ್ತದೆ. ಹೆಣ್ಣುಮಕ್ಕಳನ್ನು ಬಲೆಗೆ ಕೆಡಹುವ ಮಾನವ ಸಾಗಣೆದಾರರು ಫೋನಿನ ಮೂಲಕವೇ ಹತ್ತಿರವಾಗುವುದರಿಂದ, ಹಲವು ಸಮೂಹ ವಸತಿಗಳು ಫೋನನ್ನು ಇರಗೊಡಲಿಲ್ಲ ಅಥವಾ ಗಂಟೆಗಳ ಲೆಕ್ಕದಲ್ಲಿ ಕೊಟ್ಟವು. ಆ ಭಯ ನಿರಾಧಾರವಲ್ಲ. ಆದರೆ ಅದೇ ಕ್ರಮದಿಂದ ಸಹಾಯವಾಣಿಯ ಬಾಗಿಲೂ ಮುಚ್ಚುತ್ತಿತ್ತು. ಪೋಷಕತ್ವದಲ್ಲಿ ಬೆಳೆದ ಯುವಜನರೇ 1988ರಲ್ಲಿ ಕಟ್ಟಿದ ಕ್ಯಾಲಿಫೋರ್ನಿಯಾ ಯೂತ್ ಕನೆಕ್ಷನ್ ಸಂಘಟನೆ ತಮ್ಮ ಹಕ್ಕುಗಳಿಗಾಗಿ ಶಾಸಕರ ಬಾಗಿಲು ತಟ್ಟುತ್ತಾ ಬಂದಿತ್ತು. ಆ ರಾಜ್ಯದಲ್ಲಿ 2001ರಲ್ಲಿ ರೂಪುಗೊಂಡ ಪೋಷಕತ್ವದ ಮಕ್ಕಳ ಹಕ್ಕುಗಳ ಪಟ್ಟಿಯಲ್ಲಿ, ಬೇರೆಯವರು ಆಲಿಸದಂತೆ ಫೋನಿನಲ್ಲಿ ಮಾತಾಡುವ ಹಕ್ಕೂ ತೆರೆಯದ ಪತ್ರಗಳನ್ನು ಪಡೆಯುವ ಹಕ್ಕೂ ಸೇರಿದವು. ಅಂತರಜಾಲದ ಬಳಕೆ ನಂತರದ ತಿದ್ದುಪಡಿಗಳಲ್ಲಿ ಸೇರಿತು. 2014ರ ಕೇಂದ್ರ ಕಾಯ್ದೆಯೊಂದು, ವಿವೇಕಿ ತಂದೆತಾಯಿ ತಮ್ಮ ಮಗುವಿಗೆ ಕೊಡುವಷ್ಟು ಸ್ವಾತಂತ್ರ್ಯವನ್ನು ಪೋಷಕರೂ ತಮ್ಮ ವಿವೇಚನೆಯಿಂದ ಕೊಡಬಹುದೆಂಬ ಮಾನದಂಡವನ್ನು ದೇಶಕ್ಕೆಲ್ಲ ಅನ್ವಯಿಸಿ, ಪ್ರತಿಯೊಂದಕ್ಕೂ ಇಲಾಖೆಯ ಅನುಮತಿಗೆ ಕಾಯುವ ಪರಿಪಾಠವನ್ನು ಸಡಿಲಿಸಿತು.

ಬಡವರಿಗೆ ದೂರವಾಣಿ ದರದಲ್ಲಿ ರಿಯಾಯಿತಿ ಕೊಡುವ ಲೈಫ್‌ಲೈನ್ ಯೋಜನೆ ಅಮೆರಿಕದಲ್ಲಿ 1985ರಿಂದ ಇತ್ತು. ಆದರೆ ಅದು ಒಂದು ಮನೆಗೆ ಒಂದೇ ಸಂಪರ್ಕ ಎಂಬ ನಿಯಮದ ಮೇಲೆ ನಿಂತಿತ್ತು. ಯಾರದೋ ಮನೆಯಲ್ಲಿ ತಾತ್ಕಾಲಿಕವಾಗಿ ಇರುವ ಯುವಕನನ್ನು ಆ ನಿಯಮ ಎಣಿಕೆಗೇ ತೆಗೆದುಕೊಳ್ಳಲಿಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾದ ಸಾರ್ವಜನಿಕ ಸೇವೆಗಳ ನಿಯಂತ್ರಣ ಆಯೋಗವು ಐಫಾಸ್ಟರ್ ಎಂಬ ಸಂಸ್ಥೆಯ ಮೂಲಕ, 13ರಿಂದ 26 ವಯಸ್ಸಿನ ಪೋಷಕತ್ವದ ಯುವಜನರಿಗೆ ಅಂತರಜಾಲ ಸೌಲಭ್ಯವಿರುವ ಸ್ಮಾರ್ಟ್‌ಫೋನುಗಳನ್ನು ಉಚಿತವಾಗಿ ನೀಡುವ ಪ್ರಾಯೋಗಿಕ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮರುವರ್ಷ ಕೋವಿಡ್ ಬಂದು ಶಾಲೆ, ಭೇಟಿ, ಆಪ್ತಸಮಾಲೋಚನೆ ಎಲ್ಲವೂ ಪರದೆಯ ಮೇಲೆ ನಡೆಯಬೇಕಾದಾಗ ಆ ತೀರ್ಮಾನದ ಬೆಲೆ ಎಲ್ಲರಿಗೂ ಗೋಚರಿಸಿತು. ಸರಕಾರದ ನೆರವು ಮನೆಯನ್ನು ಹುಡುಕದೆ ವ್ಯಕ್ತಿಯನ್ನೇ ಹುಡುಕಿ ಬಂದ ಅಪರೂಪದ ನಿದರ್ಶನವಾಗಿ ಈ ಯೋಜನೆ ಚರಿತ್ರೆಯಲ್ಲಿ ಉಲ್ಲೇಖಕ್ಕೆ ಅರ್ಹವಾಗಿದೆ.

ಹೊಣೆ ಯಾರದು

ಫೋನಿನ ಸಾಧನೆಯನ್ನು ಅದರ ಮಿತಿಯೊಡನೆಯೇ ಅಳೆಯಬೇಕು. ಸಂದೇಶವು ಉತ್ತರ ಕೊಡಬಲ್ಲದು. ಚಿಕಿತ್ಸಾಲಯಕ್ಕೆ ಜೊತೆಯಲ್ಲಿ ಬರಲಾರದು, ಬಸ್ಸಿನ ದುಡ್ಡು ಕೊಡಲಾರದು, ಹಿಂಸಿಸುವ ಗೆಳೆಯನ ಮನೆಯಿಂದ ರಾತ್ರಿಯ ಹೊತ್ತು ಕರೆತರಲಾರದು. ಒಂದು ಪೋಷಕ ಮನೆಯಿಂದ ಇನ್ನೊಂದಕ್ಕೆ ಹೋದ ಮಗು ಕಲಿಯಬೇಕಾದ ಪಾಠಗಳಲ್ಲಿ ನಂಬಿಕೆಯೂ ಒಂದು, ಅದನ್ನು ನಂಬಿಕೆಗೆ ಅರ್ಹರಾದ ಮನುಷ್ಯರಿಂದಲ್ಲದೆ ಕಲಿಯಲು ಬಾರದು. ಸ್ಯಾನ್ ಫ್ರಾನ್ಸಿಸ್ಕೊದ ಸಂದೇಶ ಚಿಕಿತ್ಸಾಲಯದ ದಾರಿ ತೋರಿಸಿತು, ಕ್ರೈಸಿಸ್ ಟೆಕ್ಸ್ಟ್ ಲೈನಿನ ಸಂದೇಶದ ಆ ತುದಿಯಲ್ಲಿ ಸ್ವಯಂಸೇವಕನೊಬ್ಬ ಕೂತಿದ್ದ, 1914ರ ಕೈಪಿಡಿಯ ಹಿಂದೆ ಪತ್ರಕ್ಕೆ ಉತ್ತರಿಸುವ ಬ್ಯೂರೋ ಇತ್ತು. ಮೂರು ಕಾಲಗಳ ಈ ಮೂರು ಏರ್ಪಾಡುಗಳಲ್ಲೂ ಸಾಧನದ ಹಿಂದೆ ಒಬ್ಬ ಮನುಷ್ಯನ ಹೊಣೆ ನಿಂತಿತ್ತು.

ಕ್ಯಾಲಿಫೋರ್ನಿಯಾ 2017ರಲ್ಲಿ ಮಾಡಿದ ಶಾಸನದ ಮಹತ್ವ ಇಲ್ಲಿದೆ. ಶಾಲೆಗಳಲ್ಲಿ ಸಮಗ್ರ ಲೈಂಗಿಕ ಆರೋಗ್ಯ ಶಿಕ್ಷಣವನ್ನು ಕಡ್ಡಾಯಗೊಳಿಸಿದ ಕಾಯ್ದೆ ಅಲ್ಲಿ 2016ರ ಜನವರಿಯಿಂದಲೇ ಜಾರಿಯಲ್ಲಿತ್ತು. ಆದರೂ ಶಾಲೆ ಬದಲಿಸುತ್ತಲೇ ಇರುವ ಮಕ್ಕಳಿಗೆ ಅದು ತಲುಪದೆಂದು ಅರಿತ ಶಾಸಕರು ಪೋಷಕತ್ವಕ್ಕೆಂದೇ ಬೇರೆ ನಿಯಮ ಮಾಡಿದರು. ಅದರಂತೆ ಹತ್ತು ವರ್ಷ ದಾಟಿದ ಮಗುವಿನ ಸಮಾಜ ಕಾರ್ಯಕರ್ತರು ಆ ಮಗುವಿಗೆ ತನ್ನ ಲೈಂಗಿಕ ಆರೋಗ್ಯದ ಹಕ್ಕುಗಳನ್ನು ವರ್ಷಕ್ಕೊಮ್ಮೆ ತಿಳಿಸಬೇಕು, ಮಾಧ್ಯಮಿಕ ಹಂತದಲ್ಲಿ ಒಮ್ಮೆಯೂ ಪ್ರೌಢಶಾಲೆಯಲ್ಲಿ ಒಮ್ಮೆಯೂ ಆ ಶಿಕ್ಷಣ ಸಿಕ್ಕಿದೆಯೇ ಎಂದು ಪರಿಶೀಲಿಸಿ ಕಡತದಲ್ಲಿ ಬರೆಯಬೇಕು, ಸಿಕ್ಕಿಲ್ಲದಿದ್ದರೆ ಸಿಗುವಂತೆ ನೋಡಿಕೊಳ್ಳಬೇಕು. ಈ ಮಾತನ್ನಾಡುವ ತರಬೇತಿಯನ್ನು ಸಮಾಜ ಕಾರ್ಯಕರ್ತರಿಗೆ ಕೊಡಬೇಕು. ಯಾರೋ ಹೇಳಿರುತ್ತಾರೆ ಎಂಬ ಊಹೆಯ ಜಾಗದಲ್ಲಿ ಇವರೇ ಹೇಳಬೇಕು ಎಂಬ ಮಾತು ಬಂದಿತು.

ಪೋಷಕತ್ವದ ಮಕ್ಕಳ ಆರೋಗ್ಯಶಿಕ್ಷಣದ ಈ ಚರಿತ್ರೆಯಿಂದ ಹೊರಡುವ ತೀರ್ಮಾನ ಕಠಿಣವಾದದ್ದೇನೂ ಅಲ್ಲ, ಆದರೆ ಅದನ್ನು ಮರೆತಾಗಲೆಲ್ಲ ಬೆಲೆ ತೆತ್ತವರು ಮಕ್ಕಳು. ಮೊಬೈಲು ಬರುವ ಮುಂಚೆ ಅರಿವು ವಿಳಾಸವಿರುವವರಿಗೆ ಮಾತ್ರ ಹಂಚಿಕೆಯಾಯಿತು. ಮೊಬೈಲು ಬಂದ ಮೇಲೆ, ಸಂದೇಶ ಹೋಗಿದೆಯಾದ್ದರಿಂದ ಕೆಲಸ ಮುಗಿಯಿತೆಂದು ಭಾವಿಸುವ ಅಪಾಯ ಹೊಸದಾಗಿ ಹುಟ್ಟಿದೆ. ಮಗುವನ್ನು ಹೆತ್ತವರಿಂದ ಬೇರ್ಪಡಿಸುವ ಅಧಿಕಾರವನ್ನು ಬಳಸಿದ ರಾಜ್ಯ, ಆ ಹೆತ್ತವರು ಆಡಬೇಕಿದ್ದ ಮಾತುಗಳ ಹೊಣೆಯನ್ನೂ ಹೊರಬೇಕು: ಮಗುವಿನ ಕೈಗೆ ಫೋನು ಕೊಡಬೇಕು, ಅದರಲ್ಲಿ ಗೌಪ್ಯತೆಯನ್ನು ಕಾಪಾಡಬೇಕು, ಮತ್ತು ಮಗು ಕರೆ ಮಾಡಿದಾಗ ಉತ್ತರಿಸಬೇಕಾದ ವ್ಯಕ್ತಿಯ ಹೆಸರನ್ನು ಕಡತದಲ್ಲಿ ಬರೆದಿಡಬೇಕು.